‘ರಕ್ತದ ಕಾರ್ಖಾನೆ’ ಲೇಖನ ಕಳುಹಿಸಿದವರಿಗೆ

ಮಾನ್ಯರೇ, ನಮಸ್ಕಾರ.

ಅಸ್ಥಿಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವ ಬಗೆಯನ್ನು ಕುರಿತ ತಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಹಿಂದಿರುಗಿಸಿ ಸುಮ್ಮನಾಗುವಂಥ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನನ್ನ ದೊಡ್ಡ ತಕರಾರು ಶೀರ್ಷಿಕೆಯ ಮೇಲೆಯೇ. ‘ಕಾರ್ಖಾನೆ’ ಎಂಬ ಪದ ಹನ್ನೊಂದು ಸಲ ಬಂದಿದೆ. ಬಂದಲ್ಲೆಲ್ಲ ವಿವರಣೆ ನಿಂತುಹೋಗಿದೆ. ‘ಮಜ್ಜೆಯೆಂಬ ಕಾರ್ಖಾನೆಯಲ್ಲಿ ಕೆಂಪು ಕಣಗಳು ತಯಾರಾಗಿ ಹೊರಬರುತ್ತವೆ’ ಎಂದು ಬರೆದು ತಾವು ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟಿದ್ದೀರಿ. ಹೇಗೆ ತಯಾರಾಗುತ್ತವೆ ಎಂದಲ್ಲವೇ ಓದುಗರು ಕೇಳುವುದು? ಎಲ್ಲ ರಕ್ತಕಣಗಳಿಗೂ ಮೂಲವಾದ ಆಕರಕೋಶದಿಂದ (ಸ್ಟೆಮ್ ಸೆಲ್) ಕವಲೊಡೆದು ಬಂದ ಎಳೆಯ ಕೋಶವೊಂದು ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶಕ್ಕೆ ಅಂಟಿಕೊಂಡು, ಹಲವು ಸಲ ವಿಭಜನೆಗೊಂಡು, ಹಿಮೊಗ್ಲೋಬಿನ್ ತುಂಬಿಕೊಳ್ಳುತ್ತ ಗಾತ್ರದಲ್ಲಿ ಕುಗ್ಗಿ, ಕಡೆಗೆ ತನ್ನ ಕೋಶಕೇಂದ್ರವನ್ನೇ ಹೊರದಬ್ಬುತ್ತದೆ. ಹೊರಬಿದ್ದ ಕೇಂದ್ರವನ್ನು ಆ ಮ್ಯಾಕ್ರೊಫೇಜೇ ನುಂಗಿಹಾಕುತ್ತದೆ. ಯಾವ ಕಾರ್ಖಾನೆಯಲ್ಲಿ ಹೀಗೆ ನಡೆಯುತ್ತದೆ? ಕೇಂದ್ರ ಕಳೆದುಕೊಂಡ ಕಣ ಮತ್ತೆ ವಿಭಜಿಸಲಾರದು, ತನ್ನ ಸವೆತವನ್ನು ಸರಿಪಡಿಸಿಕೊಳ್ಳಲೂ ಆಗದು. ಸುಮಾರು 120 ದಿನ ದುಡಿದು ತೀರುತ್ತದೆ. ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳು ಬೇಕಾಗುವುದು ಅದಕ್ಕೇ. ಈ ಎರಡೂ ಅಂಕಿಗಳು ತಮ್ಮಲ್ಲಿವೆ, ಆದರೆ ಒಂದು ಮೊದಲ ಪುಟದಲ್ಲಿ, ಇನ್ನೊಂದು ನಾಲ್ಕನೆಯದರಲ್ಲಿ.

‘ದೇಹದ ಎಲ್ಲ ಮೂಳೆಗಳಲ್ಲೂ ರಕ್ತ ಹುಟ್ಟುತ್ತದೆ’ ಎಂಬುದು ಶಿಶುಗಳ ಮಟ್ಟಿಗೆ ಹೆಚ್ಚುಕಡಿಮೆ ನಿಜ. ವಯಸ್ಕರಲ್ಲಿ ಆ ಕೆಲಸ ಬಹುಪಾಲು ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬುಗಳಿಗೆ ಸೀಮಿತವಾಗುತ್ತದೆ. ತೊಡೆಮೂಳೆಯ ನಡುಭಾಗದಲ್ಲಿ ಉಳಿಯುವುದು ಹೆಚ್ಚಾಗಿ ಕೊಬ್ಬಿನ ಹಳದಿ ಮಜ್ಜೆ. (ನಲ್ಲಿಮೂಳೆ ಹೀರುವವರಿಗೆ ಆ ಕೊಬ್ಬಿನ ರುಚಿ ಗೊತ್ತು.) ಇನ್ನು, ಎಷ್ಟು ಕೆಂಪು ಕಣ ಬೇಕೆಂಬುದನ್ನು ‘ಮಜ್ಜೆಯೇ ನಿರ್ಧರಿಸುತ್ತದೆ’ ಎಂಬ ವಾಕ್ಯವಂತೂ ತಪ್ಪು. ಆಮ್ಲಜನಕದ ಕೊರತೆಯನ್ನು ಗುರುತಿಸಿ ಎರಿತ್ರೊಪಾಯೆಟಿನ್ ಹಾರ್ಮೋನನ್ನು ಹೆಚ್ಚು ಸ್ರವಿಸುವುದು ಮೂತ್ರಪಿಂಡ. ಮೂತ್ರಪಿಂಡ ಸೋತವರಿಗೆ ರಕ್ತಹೀನತೆ ಬರುವುದೇಕೆಂದು ಇದರಿಂದ ತಿಳಿಯುತ್ತದೆ.

ಇತಿಹಾಸದ ಭಾಗದಲ್ಲಿ ಮಜ್ಜೆಯಲ್ಲಿ ರಕ್ತಕಣ ಹುಟ್ಟುತ್ತದೆಂದು 1868ರಲ್ಲಿ ತೋರಿಸಿದ ನೋಯ್ಮನ್ ಅವರಿಗೆ ಒಂದೂವರೆ ಪುಟ ಕೊಟ್ಟು, 1961ರ ಟೊರೊಂಟೊ ಪ್ರಯೋಗವನ್ನು ಬಿಟ್ಟಿದ್ದೀರಿ. ವಿಕಿರಣಕ್ಕೊಡ್ಡಿದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಚುಚ್ಚಿದ ವಿಜ್ಞಾನಿಗಳಾದ ಟಿಲ್ ಮತ್ತು ಮೆಕಲಕ್, ಆ ಇಲಿಗಳ ಗುಲ್ಮದ (ಸ್ಪ್ಲೀನ್) ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. ಒಂದೊಂದು ಗಂಟೂ ಒಂದೇ ಕೋಶದ ಸಂತಾನವೆಂದು ಮುಂದೆ ಖಚಿತವಾಯಿತು. ಆಕರಕೋಶವನ್ನು ನಂಬಲು ಓದುಗರಿಗೆ ಬೇಕಾದ ಸಾಕ್ಷಿ ಇದು.

ಪ್ಲೇಟ್ಲೆಟ್‌ಗಳ ಭಾಗ ಸೊಗಸಾಗಿದೆ. ಮೆಗಾಕ್ಯಾರಿಯೊಸೈಟ್ ಎಂಬ ಮಜ್ಜೆಯ ದೈತ್ಯ ಕೋಶ ತನ್ನ ತೋಳುಗಳನ್ನು ರಕ್ತನಾಳದೊಳಕ್ಕೆ ಚಾಚುವುದನ್ನೂ ಅವು ಚೂರುಚೂರಾಗಿ ಹರಿದು ಪ್ಲೇಟ್ಲೆಟ್‌ಗಳಾಗುವುದನ್ನೂ ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಅದರ ಬೆನ್ನಿಗೇ ಬರುವ ಪಪ್ಪಾಯಿ ಎಲೆಯ ರಸದ ಸಲಹೆಯನ್ನು ಮಾತ್ರ ದಯವಿಟ್ಟು ತೆಗೆದುಹಾಕಿ.

ಒಂದು ಕೆಂಪು ಕಣದ ಜಾಡು ಹಿಡಿದು, ಈಗಿನ ಅರ್ಧದಷ್ಟು ಉದ್ದದಲ್ಲಿ, ಹೊಸ ಶೀರ್ಷಿಕೆಯೊಂದಿಗೆ ತಿದ್ದಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ