ಫ್ಯಾನಿನ ವೈಬ್ರೇಷನ್ (ಕಂಪನ) ಮಿತಿಯೊಳಗೇ ಇದೆ ಅಂದರೆ ಅದನ್ನು ತಿರುಗಿಸುವ ದಂಡದಲ್ಲಿ, ಅಂದರೆ ಶಾಫ್ಟಿನಲ್ಲಿ, ಬಿರುಕಿಲ್ಲ ಅಂತ ನಂಬಬಹುದೇ?

ನಂಬಬೇಡಿ. ನಿಮ್ಮ ಫ್ಯಾನಿನ ಬೇರಿಂಗ್ ಮೇಲಿನ ವೈಬ್ರೇಷನ್ ರೀಡಿಂಗ್ ಮಿತಿ ದಾಟಿಲ್ಲ, ಆದರೆ ಬ್ಯಾಲೆನ್ಸಿಂಗ್ (ಒಂದು ಕಡೆ ಹೆಚ್ಚಿದ ಭಾರವನ್ನು ಸರಿತೂಗಿಸುವುದು) ಮಾಡಿಸಿದ ಕೆಲವೇ ದಿನಕ್ಕೆ ಬ್ಯಾಲೆನ್ಸ್ ಮತ್ತೆ ಹಾಳಾಗುತ್ತಿದೆ ಎಂದಿದ್ದೀರಿ. ಈ ಕೆಲಸದಲ್ಲೇ ಇರುವ ನನಗೆ ಚಿಂತೆ ಹುಟ್ಟಿಸಿದ್ದು ಆ ಎರಡನೇ ಮಾತು.

ಎರಡು ಬೇರಿಂಗ್ ಮೇಲೆ ಅಡ್ಡಲಾಗಿ ಕೂತ ಶಾಫ್ಟ್ ತನ್ನ ಭಾರಕ್ಕೇ ತುಸು ಬಾಗಿರುತ್ತದೆ. ಮೇಲ್ಭಾಗ ಒತ್ತಿಕೊಂಡಿರುತ್ತದೆ, ತಳಭಾಗ ಎಳೆದುಕೊಂಡಿರುತ್ತದೆ. ತಿರುಗುವಾಗ ಬಿರುಕು ಕೆಳಕ್ಕೆ ಬಂದರೆ ಬಾಯಿ ಬಿಡುತ್ತದೆ, ಮೇಲಕ್ಕೆ ಹೋದರೆ ಮುಚ್ಚಿಕೊಳ್ಳುತ್ತದೆ, ಉಸಿರಾಡಿದ ಹಾಗೆ. ಬಾಯಿ ಬಿಟ್ಟಾಗ ಶಾಫ್ಟ್ ಹೆಚ್ಚು ಬಾಗುತ್ತದೆ, ಮುಚ್ಚಿದಾಗ ಮತ್ತೆ ಬಿಗಿಯಾಗುತ್ತದೆ. ಪ್ರತಿ ಸುತ್ತಿಗೂ ಹೀಗೆ ಆಗುವುದರಿಂದ ಒನ್ ಎಕ್ಸ್ (ಸುತ್ತಿಗೊಂದು ಸಲ ಬರುವ ಕಂಪನ) ಜೊತೆಗೆ ಟೂ ಎಕ್ಸ್ ಕೂಡ, ಅಂದರೆ ಸುತ್ತಿನ ವೇಗದ ಎರಡರಷ್ಟು ಆವರ್ತನದ ಕಂಪನವೂ ಏಳುತ್ತದೆ.

ಒನ್ ಎಕ್ಸ್ ಮೋಸ ಮಾಡುವುದು ಇಲ್ಲೇ. ಬಿರುಕಿನಿಂದ ಬರುವ ಬಾಗು ಮೊದಲೇ ಇದ್ದ ಅನ್‌ಬ್ಯಾಲೆನ್ಸ್‌ನ ಎದುರು ದಿಕ್ಕಿಗೆ ಬಿದ್ದರೆ ರೀಡಿಂಗ್ ಏರುವ ಬದಲು ಇಳಿದೇಬಿಡಬಹುದು! ಅದಕ್ಕೇ ಕಂಪನ ಎಷ್ಟಿದೆ ಎಂಬ ಎಂಎಂ ಪರ್ ಸೆಕೆಂಡ್ ಲೆಕ್ಕವನ್ನಷ್ಟೇ ಬರೆದಿಟ್ಟರೆ ಸಾಲದು, ಫೇಸ್ ಕೋನವನ್ನೂ, ಅಂದರೆ ಸುತ್ತಿನ ಯಾವ ಕೋನದಲ್ಲಿ ಕಂಪನ ತುದಿ ಮುಟ್ಟುತ್ತದೆ ಎಂಬುದನ್ನೂ ಬರೆದಿಡಿ. ಲೋಡು, ವೇಗ, ತಾಪಮಾನ ಅಷ್ಟೇ ಇದ್ದೂ ಫೇಸ್ ವಾರದಿಂದ ವಾರಕ್ಕೆ ಒಂದೇ ಕಡೆಗೆ ಸರಿಯುತ್ತಿದ್ದರೆ ಶಾಫ್ಟಿನಲ್ಲೇ ಏನೋ ಬದಲಾಗುತ್ತಿದೆ.

ಮಷೀನ್ ಬಂದ್ ಮಾಡುವಾಗಿನ ಡೇಟಾವಂತೂ ಚಿನ್ನ. ನಿಮ್ಮ ಫ್ಯಾನ್ 1480 ಆರ್‌ಪಿಎಂನಲ್ಲಿ ಓಡುತ್ತದೆ, ಕ್ರಿಟಿಕಲ್ ಸ್ಪೀಡ್ (ಸುತ್ತಿನ ವೇಗ ಶಾಫ್ಟಿನ ಸಹಜ ಆವರ್ತನಕ್ಕೆ ಸರಿಹೊಂದಿ ಕಂಪನ ಜೋರಾಗುವ ವೇಗ) ಸುಮಾರು 2000 ಅಂತಿಟ್ಟುಕೊಳ್ಳಿ. ವೇಗ ಇಳಿಯುತ್ತಾ 1000ದ ಆಸುಪಾಸಿಗೆ ಬಂದಾಗ ಟೂ ಎಕ್ಸ್ ಎದ್ದು ಕಾಣಬಹುದು, ಯಾಕಂದರೆ ಆಗ ಅದು ಶಾಫ್ಟಿನ ಸಹಜ ಆವರ್ತನಕ್ಕೆ ಸರಿಹೊಂದುತ್ತದೆ. ಮೋಟರ್ ಮತ್ತು ಫ್ಯಾನಿನ ಶಾಫ್ಟ್‌ಗಳು ಒಂದೇ ಸಾಲಿನಲ್ಲಿಲ್ಲದೆ ಅಲೈನ್‌ಮೆಂಟ್ ತಪ್ಪಿದ್ದರೂ ಟೂ ಎಕ್ಸ್ ಬರುತ್ತದೆ, ನಿಜ. ಆದರೆ ಅದು ಆ ಎರಡನ್ನು ಜೋಡಿಸುವ ಕಪ್ಲಿಂಗ್ ಸರಿಮಾಡಿದರೆ ತಗ್ಗುತ್ತದೆ. ಬಿರುಕು ಬೆಳೆಯುತ್ತಿದ್ದರೆ ಅದರ ಟೂ ಎಕ್ಸ್ ಬಂದ್ ಮಾಡಿದ ಸಲದಿಂದ ಸಲಕ್ಕೆ ಹೆಚ್ಚುತ್ತಾ ಹೋಗಬಹುದು. ಬಿರುಕಿನಿಂದ ಸಹಜ ಆವರ್ತನ ಇಳಿಯುವುದನ್ನೇ ಕಾದು ಕೂರಬೇಡಿ. ಸಣ್ಣ ಬಿರುಕಿಗೆ ಅದು ಅಳತೆಗೆ ಸಿಗುವಷ್ಟು ಬದಲಾಗುವುದೇ ಇಲ್ಲ.

ಈಗ ಮಾಡಬೇಕಾದ್ದು: ಫ್ಯಾನ್ ನಿಲ್ಲಿಸಿ ಕೀವೇ (ಕೀಲು ಕೂರುವ ಗಾಡಿ) ಮೂಲೆ, ವ್ಯಾಸ ಬದಲಾಗುವ ಮೆಟ್ಟಿಲು, ಹಬ್ (ಶಾಫ್ಟಿಗೆ ಹೊಂದಿಕೊಂಡ ಫ್ಯಾನಿನ ನಡುಭಾಗ) ಅಂಚು ಇಷ್ಟನ್ನೂ ಚೊಕ್ಕವಾಗಿ ಒರೆಸಿ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಾಕಿಸಿ. ಬೇರಿಂಗ್‌ಗಳ ನಡುವಿನ ಜಾಗ ನೋಡುವಾಗ ಅನುಮಾನದ ಕಡೆ ಕೆಳಮುಖವಾಗಿರುವಂತೆ ಶಾಫ್ಟ್ ತಿರುಗಿಸಿಕೊಳ್ಳಿ. ಮೇಲಿದ್ದರೆ ಬಿರುಕು ಮುಚ್ಚಿಕೊಂಡು ಬಣ್ಣ ಒಳಗೆ ಇಳಿಯದೇ ಹೋಗಬಹುದು. ಫ್ಯಾನ್ ಬೇರಿಂಗಿನ ಹೊರಗೆ ತೂಗುತ್ತಿದ್ದರೆ ಇದು ಉಲ್ಟಾ, ಆಗ ಎಳೆತ ಮೇಲ್ಭಾಗದಲ್ಲಿರುತ್ತದೆ. ಹಬ್ ಒಳಗೆ ಅಡಗಿದ ಬಿರುಕಿಗೆ ಅಲ್ಟ್ರಾಸಾನಿಕ್ (ಶಬ್ದದಲೆಯ) ಪರೀಕ್ಷೆ ಬೇಕು. ಅದರ ರಿಪೋರ್ಟ್ ಕೈಗೆ ಬರುವವರೆಗೆ ಇನ್ನೊಂದು ಬ್ಯಾಲೆನ್ಸ್ ತೂಕ ವೆಲ್ಡ್ ಮಾಡಿಸಬೇಡಿ, ದಯವಿಟ್ಟು ಫ್ಯಾನ್ ಓಡಿಸಲೂ ಬೇಡಿ.