ಪೈಲಟ್ ಇಲ್ಲ ಅಂತ ಬೆಳಗಾವಿ ವಿಮಾನ ರದ್ದು ಮಾಡಿದರು. ನಿಜಕ್ಕೂ ಕೊರತೆ ಯಾರದ್ದು?

ನೀವು ಕೇಳಿದ್ದು ಇಷ್ಟು. ಮುಲುಂಡ್‌ನಲ್ಲಿ ಇದ್ದೀರಿ, ಮನೆಯ ಸೀಮಂತಕ್ಕೆ ಅಂತ ಮುಂಬೈಯಿಂದ ಬೆಳಗಾವಿಗೆ ಟಿಕೆಟ್ ಮಾಡಿಸಿದ್ದಿರಿ. ಹಿಂದಿನ ರಾತ್ರಿ ಒಂಬತ್ತಕ್ಕೆ ‘ಆಪರೇಷನಲ್ ಕಾರಣದಿಂದ ರದ್ದು’ ಅಂತ ಮೆಸೇಜ್ ಬಂತು. ಫೋನ್ ಮಾಡಿದರೆ ಪೈಲಟ್ ಇಲ್ಲ ಅಂದರು. ಲೈಸೆನ್ಸ್ ಹಿಡಿದು ಕೆಲಸ ಸಿಗದೆ ಕೂತಿರುವ ಹುಡುಗರು ಇಷ್ಟೊಂದು ಇರುವಾಗ ಇದು ನಂಬುವ ಮಾತಾ? ದುಡ್ಡು ವಾಪಸ್ ಕೊಡುವುದು ಬಿಟ್ಟು ಬೇರೇನೂ ಸಿಗುವುದಿಲ್ವಾ?

ನಾನು ಮುಂಬೈಯಲ್ಲೇ ಒಂದು ವಿಮಾನ ಕಂಪನಿಯ ಕ್ರೂ ರೋಸ್ಟರ್ ವಿಭಾಗದಲ್ಲಿ ಇದ್ದವನು. ಯಾವ ಪೈಲಟ್ ಯಾವ ದಿನ ಯಾವ ವಿಮಾನಕ್ಕೆ ಅಂತ ಪಟ್ಟಿ ಮಾಡುವುದು, ಪಟ್ಟಿ ಕೆಟ್ಟರೆ ರಾತ್ರೋರಾತ್ರಿ ಸರಿ ಮಾಡುವುದು, ಇದೇ ಕೆಲಸ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಅವರು ಹೇಳಿದ್ದು ನಿಜವೇ ಇರಬಹುದು. ಆದರೆ ಪೂರ್ತಿ ಹೇಳಲಿಲ್ಲ. ಕೊರತೆ ಇರುವುದು ಕ್ಯಾಪ್ಟನ್‌ಗಳದ್ದು.

ವಿಮಾನ ಹಾರಬೇಕಾದರೆ ಮುಂದೆ ಇಬ್ಬರು ಕೂರಬೇಕು. ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್. ನೀವು ಹೇಳುವ ಹುಡುಗರ ಹತ್ತಿರ ಇರುವುದು ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ನಮ್ಮ ದೇಶದಲ್ಲಿ ಅದಕ್ಕೆ 200 ಗಂಟೆ ಹಾರಿದ್ದರೆ ಸಾಕು. ಬಲಗಡೆ ಸೀಟಿಗೆ ಅರ್ಜಿ ಹಾಕಲು ಅದು ದಾರಿ. ಎಡಗಡೆ ಸೀಟಿಗೆ ಎಟಿಪಿಎಲ್, ಅಂದರೆ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಬೇಕು, ಅದಕ್ಕೆ ಕನಿಷ್ಠ 1,500 ಗಂಟೆ ಬೇಕು. ಆ ಅಂತರ ತುಂಬಲು ವರ್ಷಗಳೇ ಹಿಡಿಯುತ್ತವೆ. ಮುಂಬೈಯಲ್ಲಿ ನಮ್ಮವರ ಹೋಟೆಲ್ ನೋಡಿದ್ದೀರಲ್ಲ, ಸಪ್ಲೈಯರ್ ಹುಡುಗರು ಎಷ್ಟೇ ಜನ ಇದ್ದರೂ ಭಟ್ಟರು ಬರದಿದ್ದರೆ ಆ ದಿನ ದೋಸೆ ಇಲ್ಲ. ಹಾಗೆಯೇ ಇದು.

ಅಂಕಿ ಸಮೇತ ಹೇಳುತ್ತೇನೆ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿದ್ದು ನೆನಪಿರಬೇಕು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಜಾಸ್ತಿ ರದ್ದಾದವು. ಆಗ ಹೊರಬಂದ ಲೆಕ್ಕ ನೋಡಿ. ಹೊಸ ವಿಶ್ರಾಂತಿ ನಿಯಮದ ಪ್ರಕಾರ ಬೇಕಾಗಿದ್ದ ಕ್ಯಾಪ್ಟನ್‌ಗಳು 2,422, ಇದ್ದವರು 2,357. ಫಸ್ಟ್ ಆಫೀಸರ್‌ಗಳು ಬೇಕಾಗಿದ್ದದ್ದು 2,153, ಇದ್ದವರು 2,194. ಬಲಗಡೆ ಸೀಟಿಗೆ ಜನ ಹೆಚ್ಚಾಗಿಯೇ ಇದ್ದರು. ಎಡಗಡೆಗೆ 65 ಜನ ಕಡಿಮೆ. ದೇಶದ ಅತಿ ದೊಡ್ಡ ಕಂಪನಿಗೇ ಹೀಗಾದರೆ ಐದಾರು ವಿಮಾನ ಇಟ್ಟುಕೊಂಡ ಸಣ್ಣ ಕಂಪನಿಯ ಪಾಡು ಏನು ಅಂತ ಯೋಚಿಸಿ.

ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಕೊಲ್ಹಾಪುರದಂಥ ಊರಿಗೆ ಬರುವುದರಲ್ಲಿ ಸಣ್ಣ ವಿಮಾನಗಳೇ ಜಾಸ್ತಿ. ಎಟಿಆರ್ 72 ಅಂದರೆ ರೆಕ್ಕೆಯಲ್ಲಿ ಪ್ರೊಪೆಲ್ಲರ್ ತಿರುಗುವ, ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ. ಸ್ಟಾರ್ ಏರ್ ಎಂಬ್ರೇರ್ ಅನ್ನುವ ಸಣ್ಣ ಜೆಟ್ ಓಡಿಸುತ್ತದೆ. ಗೋವಾದ ಮೋಪಾದಿಂದ ಫ್ಲೈ91 ಎಟಿಆರ್ ಓಡಿಸುತ್ತದೆ. ಒಂದೊಂದು ಬಗೆಯ ವಿಮಾನಕ್ಕೂ ಬೇರೆ ಟೈಪ್ ರೇಟಿಂಗ್, ಅಂದರೆ ಆ ಬಗೆಯನ್ನೇ ಹಾರಿಸುವ ಅರ್ಹತೆ ಬೇಕು. ಏರ್‌ಬಸ್ ಕ್ಯಾಪ್ಟನ್ ಎಷ್ಟೇ ಅನುಭವಿ ಆಗಿರಲಿ, ನಾಳೆ ಬೆಳಿಗ್ಗೆ ಎಟಿಆರ್ ಹತ್ತಿ ಬೆಳಗಾವಿಗೆ ಹೋಗುವಂತಿಲ್ಲ. ಹಾಗಾಗಿ ಸಣ್ಣ ಕಂಪನಿಗೆ ಹೊರಗಿನಿಂದ ಎರವಲು ತರುವ ದಾರಿ ಹೆಚ್ಚುಕಮ್ಮಿ ಮುಚ್ಚಿದೆ.

ಒಳಗಿನವರು ಮಾತ್ರ ಹೊರಗೆ ಹೋಗುತ್ತಲೇ ಇರುತ್ತಾರೆ. ಸಣ್ಣ ವಿಮಾನದಲ್ಲಿ ಗಂಟೆ ಕೂಡಿಸಿದ ಪೈಲಟ್ ದೊಡ್ಡ ಜೆಟ್‌ಗೆ ಹಾರಬೇಕು ಅಂತ ಬಯಸುವುದು ಸಹಜ. ಅಲ್ಲಿ ಸಂಬಳ ಜಾಸ್ತಿ, ಮುಂದೆ ವಿದೇಶದ ದಾರಿಯೂ ಇದೆ. ಲೈಸೆನ್ಸ್ ಮಾಡಲು ಲಕ್ಷಗಟ್ಟಲೆ ಸಾಲ ಮಾಡಿದವನನ್ನು ಎಲ್ಲಿಗೂ ಹೋಗಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. 2017ರಲ್ಲಿ ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ, ಕ್ಯಾಪ್ಟನ್‌ಗಳು ಒಂದು ವರ್ಷ, ಫಸ್ಟ್ ಆಫೀಸರ್‌ಗಳು ಆರು ತಿಂಗಳು ನೋಟಿಸ್ ಕೊಡಬೇಕು ಅಂತ ನಿಯಮ ಮಾಡಿತು. ಆದರೂ 2023ರಲ್ಲಿ ಆಕಾಸಾ ಏರ್‌ನಿಂದ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟುಹೋದರು. ನೂರಾರು ವಿಮಾನ ರದ್ದಾದವು, ವಿಷಯ ಮುಂಬೈ ಮತ್ತು ದೆಹಲಿ ಹೈಕೋರ್ಟ್‌ಗಳಿಗೆ ಹೋಯಿತು. ಬರೀ 43 ಜನ!

ಇದ್ದ ಫಸ್ಟ್ ಆಫೀಸರ್‌ಗಳನ್ನೇ ಬೇಗ ಕ್ಯಾಪ್ಟನ್ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಮಾಡುತ್ತಾರೆ. ಆದರೆ ಅವರಿಗೆ ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟ ಕಲಿಸುವ ಯಂತ್ರ ಬೇಕು, ಆಮೇಲೆ ನಿಜವಾದ ವಿಮಾನದಲ್ಲಿ ಲೈನ್ ಟ್ರೈನಿಂಗ್ ಬೇಕು, ಪರೀಕ್ಷೆ ಬೇಕು. ಇದನ್ನೆಲ್ಲ ಮಾಡಿಸುವವರು ಹಿರಿಯ ಕ್ಯಾಪ್ಟನ್‌ಗಳೇ. ಅವರನ್ನು ತರಬೇತಿಗೆ ಹಾಕಿದರೆ ಮಾಮೂಲಿ ಡ್ಯೂಟಿಗೆ ಒಬ್ಬರು ಕಡಿಮೆ. ಕ್ಯಾಪ್ಟನ್ ಕಡಿಮೆ ಇದ್ದಾಗಲೇ ಹೊಸ ಕ್ಯಾಪ್ಟನ್ ತಯಾರು ಮಾಡುವುದು ಕಷ್ಟ. ಈ ಗಂಟು ಬಿಚ್ಚಬೇಕಾದರೆ ಕೊರತೆ ಬರುವುದಕ್ಕೆ ಒಂದೆರಡು ವರ್ಷ ಮೊದಲೇ ಜನ ತಗೋಬೇಕು, ಅಷ್ಟು ದಿನ ಅವರಿಗೆ ಸಂಬಳ ಕೊಡಬೇಕು. ಖರ್ಚು ಕಡಿಮೆ ತೋರಿಸಬೇಕು ಅನ್ನುವ ಕಂಪನಿ ಮೊದಲು ಕೈಬಿಡುವುದು ಇದನ್ನೇ.

ರೋಸ್ಟರ್ ಟೇಬಲ್ಲಿನಲ್ಲಿ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ರಾತ್ರಿ ಎರಡು ಗಂಟೆ. ಬೆಳಿಗ್ಗೆ ಆರರ ವಿಮಾನದ ಕ್ಯಾಪ್ಟನ್ ಫೋನ್ ಮಾಡಿ ಜ್ವರ ಅನ್ನುತ್ತಾರೆ. ಅವರಿಗೆ ಬಾ ಅನ್ನುವಂತಿಲ್ಲ, ಅನ್ನಲೂಬಾರದು. ಸ್ಟ್ಯಾಂಡ್‌ಬೈ ಪಟ್ಟಿ ತೆಗೆಯುತ್ತೀರಿ. ಮೊದಲ ಹೆಸರಿನವರನ್ನು ನಿನ್ನೆ ಸಂಜೆಯೇ ಇನ್ನೊಂದು ಕಡೆ ಕಳಿಸಿ ಆಗಿದೆ. ಎರಡನೆಯವರು ತಡವಾಗಿ ಲ್ಯಾಂಡ್ ಆದರು, ವಿಶ್ರಾಂತಿ ಒಂಬತ್ತು ಗಂಟೆಗೆ ಮುಗಿಯುತ್ತದೆ. ಮೂರನೆಯವರ ಆರು ತಿಂಗಳ ಸಿಮ್ಯುಲೇಟರ್ ಚೆಕ್ ಇವತ್ತೇ ಇದೆ, ತಪ್ಪಿದರೆ ನಾಳೆಯಿಂದ ಅವರೂ ಹಾರುವಂತಿಲ್ಲ. ನಾಲ್ಕನೆಯವರು ಹೊಸದಾಗಿ ಕ್ಯಾಪ್ಟನ್ ಆದವರು, ಆದರೆ ಆ ವಿಮಾನಕ್ಕೆ ಹಾಕಿರುವ ಫಸ್ಟ್ ಆಫೀಸರ್ ಕೂಡ ಹೊಸ ಹುಡುಗಿ. ಇಬ್ಬರು ಹೊಸಬರನ್ನು ಜೊತೆಗೆ ಕೂರಿಸುವ ಹಾಗಿಲ್ಲ. ಐದನೆಯ ಹೆಸರು ಇಲ್ಲ. ಪಟ್ಟಿ ಅಲ್ಲಿಗೇ ಮುಗಿಯುತ್ತದೆ. ಪಕ್ಕದ ಕುರ್ಚಿಯಲ್ಲಿ ಫಸ್ಟ್ ಆಫೀಸರ್‌ಗಳ ಪಟ್ಟಿ ನೋಡುತ್ತಿರುವವರ ಹತ್ತಿರ ಮಾತ್ರ ಖಾಲಿ ಕೂತಿರುವ ಹೆಸರುಗಳು ಬೇಕಾದಷ್ಟಿರುತ್ತವೆ.

ಆಗ ಯಾವುದನ್ನು ರದ್ದು ಮಾಡಬೇಕು ಅನ್ನುವ ಪ್ರಶ್ನೆ ಬರುತ್ತದೆ. ಇಲ್ಲಿ ನಿಮ್ಮ ಬೆಳಗಾವಿಗೆ ಅನ್ಯಾಯ ಆಗುತ್ತದೆ, ನನಗೆ ಅದು ಯಾವತ್ತೂ ಸರಿ ಅನ್ನಿಸಿಲ್ಲ. ಬೆಂಗಳೂರಿಗೆ ದಿನಕ್ಕೆ ಎಷ್ಟೋ ವಿಮಾನ ಇವೆ, ಒಂದು ಹೋದರೆ ಪ್ರಯಾಣಿಕರನ್ನು ಇನ್ನೊಂದಕ್ಕೆ ಹತ್ತಿಸಬಹುದು. ಆದರೂ ಕತ್ತರಿ ಬೀಳುವುದು ದಿನಕ್ಕೆ ಒಂದೇ ವಿಮಾನ ಇರುವ ಊರಿಗೆ. ಸೀಟು ಕಡಿಮೆ, ಟಿಕೆಟ್ ಹಣ ಕಡಿಮೆ, ಗಲಾಟೆಯೂ ಕಡಿಮೆ. ಮುಂಬೈ ವಿಮಾನ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಒಂದು ಸಲಕ್ಕೆ ಒಂದೇ ಬಳಸಬಹುದು. ಹಾಗಾಗಿ ಸ್ಲಾಟ್, ಅಂದರೆ ವಿಮಾನಕ್ಕೆ ಕೊಟ್ಟ ಹೊತ್ತು, ತಪ್ಪಿದರೆ ಮತ್ತೆ ಸಿಗುವುದು ಸುಲಭ ಇಲ್ಲ. ಆ ಕಡೆ ಸಣ್ಣ ನಿಲ್ದಾಣಗಳು ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಮಾತ್ರ ತೆರೆದಿರುತ್ತವೆ. ಮಧ್ಯಾಹ್ನದ ವಿಮಾನ ಮೂರು ಗಂಟೆ ತಡವಾದರೆ ಅದು ತಡವಾಗಿ ಉಳಿಯುವುದಿಲ್ಲ, ರದ್ದಾಗಿಬಿಡುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2022ರಲ್ಲಿ ಸ್ಕೈವೆಸ್ಟ್ ಅನ್ನುವ ರೀಜನಲ್ ಕಂಪನಿ ಪೈಲಟ್ ಇಲ್ಲ ಅಂತ 29 ಸಣ್ಣ ಊರುಗಳ ಸೇವೆ ಬಿಡುತ್ತೇವೆ ಅಂತ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಕೋವಿಡ್ ಹೊತ್ತಲ್ಲಿ ದೊಡ್ಡ ಕಂಪನಿಗಳು ಹಿರಿಯರನ್ನು ಬೇಗ ನಿವೃತ್ತಿ ಮಾಡಿಸಿದ್ದವು. ಜನ ಮತ್ತೆ ಹಾರಲು ಶುರು ಮಾಡಿದಾಗ ಆ ಜಾಗ ತುಂಬಲು ರೀಜನಲ್ ಪೈಲಟ್‌ಗಳನ್ನು ಎಳೆದುಕೊಂಡವು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಡಿಸೆಂಬರ್ ಗಲಾಟೆಯಲ್ಲಿ ತುಂಬಾ ಜನ ‘ಪೈಲಟ್‌ಗಳಿಗೆ ಅಷ್ಟೊಂದು ರೆಸ್ಟ್ ಯಾಕೆ’ ಅಂತ ಕೇಳಿದರು. ಹೊಸ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿತು. ಈ ನಿಯಮ ಬರೆದದ್ದು 2024ರ ಜನವರಿಯಲ್ಲಿ, ಕೊನೆಯ ಹಂತ ಜಾರಿಗೆ ಬಂದದ್ದು 2025ರ ನವೆಂಬರ್ 1ರಂದು. ತಯಾರಿಗೆ ಸಮಯ ಇತ್ತು. ಇನ್ನು ವಿಶ್ರಾಂತಿ ಯಾಕೆ ಬೇಕು ಅಂತ ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2010ರ ಮೇ 22ರಂದು ದುಬೈಯಿಂದ ರಾತ್ರಿ ಹೊರಟು ಬಂದ ವಿಮಾನ ಬೆಳಿಗ್ಗೆ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಹೋಗಿದ್ದರು, ಆ ನಿದ್ದೆಯ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಅಂತ ತನಿಖಾ ವರದಿ ಹೇಳಿತು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಸುಸ್ತಾದ ಪೈಲಟ್ ಮೇಲೆ ಹಾಕಬೇಡಿ, ಜನರನ್ನು ತೆಗೆದುಕೊಳ್ಳದ ಆಡಳಿತದ ಮೇಲೆ ಹಾಕಿ.

ಈಗ ಪರಿಹಾರದ ವಿಷಯ. ಡಿಜಿಸಿಎ ನಿಯಮದ ಪ್ರಕಾರ ಎರಡು ವಾರ ಮೊದಲೇ ತಿಳಿಸಿದರೆ ಬೇರೆ ವಿಮಾನ ಅಥವಾ ಹಣ ವಾಪಸ್, ಅಷ್ಟೇ. ನಿಮಗೆ ಮೆಸೇಜ್ ಬಂದದ್ದು ಹೊರಡುವ ಮುಂಚಿನ 24 ಗಂಟೆಯ ಒಳಗೆ. ಹಾಗಾದಾಗ ಟಿಕೆಟ್ ಹಣದ ಜೊತೆ ಪರಿಹಾರವೂ ಕೊಡಬೇಕು. ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಅದಕ್ಕಿಂತ ಜಾಸ್ತಿ ಆದರೆ 10,000. ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟೋ ಅಷ್ಟು. ಎರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಮುಂಬೈ–ಬೆಳಗಾವಿ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯ ಲೆಕ್ಕಕ್ಕೆ ಬರುತ್ತದೆ.

ಕಂಪನಿಯ ಕೈ ಮೀರಿದ ಕಾರಣವಾದರೆ ಪರಿಹಾರ ಇಲ್ಲ. ಹವಾಮಾನ, ಭದ್ರತೆ, ಮುಷ್ಕರ, ಏರ್ ಟ್ರಾಫಿಕ್ ಕಂಟ್ರೋಲ್ ತೊಂದರೆ ಇಂಥವು ಅದರಲ್ಲಿ ಬರುತ್ತವೆ. ರೋಸ್ಟರ್‌ಗೆ ಪೈಲಟ್ ಇಲ್ಲದಿರುವುದು ಅಲ್ಲಿ ಸೇರಿಲ್ಲ. ಅದಕ್ಕೇ ಮೆಸೇಜ್‌ನಲ್ಲಿ ‘ಆಪರೇಷನಲ್ ಕಾರಣ’ ಅಂತ ಮೊಗಮ್ಮಾಗಿ ಬರೆಯುತ್ತಾರೆ. ಫೋನ್‌ನಲ್ಲಿ ಪೈಲಟ್ ಇಲ್ಲ ಅಂದರು ಅಂತ ಹೇಳಿದಿರಲ್ಲ, ಆ ಮಾತು ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಫೋನ್ ಮಾಡಿದ ದಿನ, ಹೊತ್ತು ಬರೆದಿಟ್ಟುಕೊಳ್ಳಿ. ರದ್ದಿಗೆ ನಿಖರ ಕಾರಣ ಏನು ಅಂತ ಇಮೇಲ್‌ನಲ್ಲೇ ಕೇಳಿ.

ಏಜೆಂಟ್ ಮೂಲಕ ಟಿಕೆಟ್ ಮಾಡಿಸಿದ್ದರೆ ಬುಕಿಂಗ್‌ನಲ್ಲಿ ಯಾರ ನಂಬರ್ ಇದೆ ನೋಡಿ. ಎಷ್ಟೋ ಏಜೆಂಟರು ತಮ್ಮ ನಂಬರ್ ಹಾಕಿಬಿಡುತ್ತಾರೆ. ಪ್ರಯಾಣಿಕರು ಸರಿಯಾದ ನಂಬರ್ ಕೊಟ್ಟಿರಲಿಲ್ಲ ಅಂತ ಕಂಪನಿ ಪರಿಹಾರ ನಿರಾಕರಿಸಬಹುದು. ಹಣ ವಾಪಸ್ ಕೊಡುವ ಹೊಣೆ ಮಾತ್ರ ಏಜೆಂಟ್ ಇದ್ದರೂ ಕಂಪನಿಯದ್ದೇ.

ಮುಂದಿನ ಸಲ ತಪ್ಪಿಸಲಾಗದ ಕಾರ್ಯಕ್ರಮ ಇದ್ದರೆ ಒಂದು ದಿನ ಮೊದಲೇ ಹೊರಡಿ. ಆಯ್ಕೆ ಇದ್ದರೆ ಬೆಳಗಿನ ವಿಮಾನ ಹಿಡಿಯಿರಿ, ದಿನ ಕಳೆದಂತೆ ಪೈಲಟ್‌ಗಳ ಡ್ಯೂಟಿ ಸಮಯ ಮುಗಿಯುತ್ತಾ ಬರುತ್ತದೆ. ದಾದರ್‌ನಿಂದ ಬೆಳಗಾವಿ ಮೇಲೆ ಹೋಗುವ ರೈಲುಗಳಿವೆ. ಪುಣೆವರೆಗೆ ಹೋಗಲು ಆಗುವುದಾದರೆ 2024ರ ಸೆಪ್ಟೆಂಬರ್‌ನಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಬೆಳಗಾವಿ ಮೇಲೆಯೇ ಓಡುತ್ತಿದೆ, ಆದರೆ ದಿನಾ ಇಲ್ಲ, ವಾರದಲ್ಲಿ ಯಾವ ಯಾವ ದಿನ ಅಂತ ನೋಡಿಕೊಳ್ಳಿ.

ದೂರನ್ನು ಮೊದಲು ಕಂಪನಿಯ ನೋಡಲ್ ಆಫೀಸರ್‌ಗೆ ಕಳಿಸಿ. ಸರಿಯಾದ ಉತ್ತರ ಬರದಿದ್ದರೆ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ಹಾಕಿ. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಅದರಾಚೆ ಗ್ರಾಹಕ ಆಯೋಗ ಇದೆ. ಉದ್ದ ಬರೆಯಬೇಡಿ, ಹೀಗೆ ಬರೆದರೆ ಸಾಕು: ‘ನನ್ನ ಪಿಎನ್‌ಆರ್ ಇದು. ವಿಮಾನ ಹೊರಡಬೇಕಿದ್ದ ಸಮಯ ಇದು, ರದ್ದಿನ ಮೆಸೇಜ್ ಬಂದ ಸಮಯ ಇದು. 24 ಗಂಟೆಗಿಂತ ಕಡಿಮೆ ಅವಧಿ. ಪೈಲಟ್ ಇಲ್ಲ ಅಂತ ನಿಮ್ಮ ಕಡೆಯವರೇ ಹೇಳಿದ್ದಾರೆ. ಇದು ನಿಮ್ಮ ಕೈ ಮೀರಿದ ಕಾರಣವಲ್ಲ. ಟಿಕೆಟ್ ಹಣದ ಜೊತೆ ಡಿಜಿಸಿಎ ನಿಯಮದ ಪರಿಹಾರವನ್ನೂ ಕೊಡಿ.’ ಮೆಸೇಜ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿ, ಇವತ್ತೇ ಕಳಿಸಿ.