ಗೇಟ್ ಹಾಕಿದ್ದರೂ ರೈಲು ಯಾಕೆ ಕೂಗುತ್ತದೆ?

ಮಂಗಳೂರಲ್ಲಿ ರೈಲ್ವೆ ಗೇಟಿನ ಪಕ್ಕ ಮನೆ, ಗೇಟ್ ಹಾಕಿದ್ದರೂ ನಡುರಾತ್ರಿ ಹಾರನ್ ಯಾಕೆ, ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ಲೋಕೋ ಪೈಲಟ್ (ರೈಲು ಓಡಿಸುವವರು) ಸುಮ್ನೆ ಕೂಗಿಸುವುದಲ್ಲ. ಗೇಟಿಗೆ ಸಾಮಾನ್ಯವಾಗಿ 600 ಮೀಟರ್ ಮೊದಲೇ ‘ಡಬ್ಲ್ಯೂ/ಎಲ್’ (ಮುಂದೆ ಗೇಟ್ ಇದೆ, ಹಾರನ್ ಹಾಕಿ ಅಂತ ಅರ್ಥ) ಅಂತ ಬರೆದ ಹಳದಿ ಬೋರ್ಡ್ ಇರುತ್ತದೆ, ಅಲ್ಲಿಂದ ಗೇಟ್ ದಾಟುವ ತನಕ ಹಾರನ್ ಹಾಕಲೇಬೇಕು. ಪಾಂಡೇಶ್ವರದ ಕಡೆ ಗೇಟ್ ಬಿದ್ದ ಮೇಲೂ ಬೈಕ್ ವಾಲಿಸಿ, ತಲೆ ಬಗ್ಗಿಸಿ ಅಡಿಯಿಂದ ನುಗ್ಗುವವರನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ, ಅಲ್ವಾ? (ಹಿಂದೆ ಮೀನಿನ ಬುಟ್ಟಿ ಇದ್ದರಂತೂ ಅರ್ಜೆಂಟ್ ಜಾಸ್ತಿ.) ಅಮೆರಿಕದಲ್ಲಿ 2005ರ ನಿಯಮದ ಪ್ರಕಾರ ‘ಕ್ವೈಟ್ ಝೋನ್’ (ಗೇಟಿನ ಹತ್ತಿರ ರೈಲು ಮಾಮೂಲಿ ಹಾರನ್ ಹಾಕದ ಜಾಗ) ಮಾಡಬಹುದು, ಆದರೆ ಅಲ್ಲೂ ಸಾಮಾನ್ಯವಾಗಿ ರಸ್ತೆ ಪೂರ್ತಿ ಮುಚ್ಚುವ ಗೇಟೋ ಡಿವೈಡರೋ ಹಾಕಿ ಅಪಾಯ ಇಳಿಸಿದ ಮೇಲೆಯೇ. ಹಾಗಾಗಿ ಹಾರನ್ ನಿಲ್ಲಿಸಿ ಅಂತ ಅರ್ಜಿ ಕೊಡುವ ಬದಲು ಅಂಡರ್‌ಪಾಸ್ ಕೇಳಿ. ಗೇಟ್ ಹೋದರೆ ಆ ಬೋರ್ಡಿಗೂ ಕೆಲಸ ಇಲ್ಲ.